ಹಳೇ ಪೇಟೆ ಪಾತ್ರೆ ಅಂಗಡಿ, ಕ್ಯಾರಿಯರ್, ಟೀ ಜರಡಿ, ನಲ್ಲಿ ಡ್ರಮ್: ಮನೇಲಿ ಪ್ಲಾಸ್ಟಿಕ್ ಕಮ್ಮಿ ಮಾಡ್ಬೇಕು ಅನ್ನೋ ದಾವಣಗೆರೆಯೋರಿಗೆ ಒಂದು ರಿವ್ಯೂ

ಪೂರ್ತಿ ಓದೋಕೆ ಟೈಮ್ ಇಲ್ದೋರಿಗೆ ಮೊದ್ಲೇ ಮಾರ್ಕ್ಸ್ ಹೇಳಿಬಿಡ್ತೀನಿ. ನಾಲ್ಕು ಡಬ್ಬಿ ಸ್ಟೀಲ್ ಕ್ಯಾರಿಯರ್‌ಗೆ ಐದಕ್ಕೆ ಐದು. ಟೀ ಸೋಸೋ ಸ್ಟೀಲ್ ಜರಡಿಗೂ ಐದಕ್ಕೆ ಐದು, ಆರು ಇದ್ದಿದ್ರೆ ಆರೂ ಕೊಡ್ತಿದ್ದೆ. ನಲ್ಲಿ ಇರೋ ಸ್ಟೀಲ್ ಡ್ರಮ್‌ಗೆ ಮೂರು. ಮಗಳ ಸ್ಕೂಲ್ ವಾಟರ್ ಬಾಟಲ್‌ಗೆ ಮೂರೂವರೆ. ಅಂಗಡಿಗೆ ನಾಲ್ಕು, ಆ ಒಂದು ಯಾಕೆ ಹೋಯ್ತು ಅಂತ ಕೆಳಗೆ ಬರೆದಿದೀನಿ.

ಅಂಗಡಿ ಇರೋದು ಹಳೇ ಪೇಟೆ ಒಳಗೆ, ಚೌಕಿಪೇಟೆ ಕಡೆ. ಹೆಸರು ಹಾಕ್ತೀನ್ರೀ ಅಂದಿದ್ದಕ್ಕೆ ಸಾವ್ಕಾರ್ರು "ಬ್ಯಾಡ ಅಕ್ಕಾರೆ, ಫೋನ್ ಮಾಡಿ ರೇಟ್ ಕೇಳೋರೇ ಜಾಸ್ತಿ ಆಗ್ತಾರೆ, ಬಂದು ತಗಳೋರು ಕಮ್ಮಿ" ಅಂತ ನಕ್ರು, ಅದಕ್ಕೆ ಹಾಕಿಲ್ಲ. ಮುಂದ್ಗಡೆ ಕುಕ್ಕರ್, ಮಿಕ್ಸಿ, ನಾನ್‌ಸ್ಟಿಕ್ ತವಾ ಎಲ್ಲಾ ಮಿರಮಿರ ಅಂತ ಜೋಡ್ಸಿರ್ತಾರೆ, ನಮಗೆ ಬೇಕಾಗಿರೋದು ಹಿಂದ್ಗಡೆ ಇರೋ ಉದ್ದನೆ ಕೋಣೆ. ಅಲ್ಲಿ ಮದುವೆ ಸಾಮಾನು, ಹಂಡೆ, ಕೊಳಗ, ತಾಮ್ರದ ಕೊಡ, ತಪ್ಪಲೆ, ಕ್ಯಾರಿಯರ್ ಎಲ್ಲಾ ಛಾವಣಿ ತನಕ ಪೇರಿಸಿದಾರೆ. ಕೇಳಿದ್ದನ್ನ ಇಳಿಸಿ ತೋರಿಸ್ತಾರೆ, ತಗಳ್ದೆ ಬಂದ್ರೂ ಮುಖ ಗಂಟಿಕ್ಕಲ್ಲ. ಆನ್‌ಲೈನಲ್ಲಿ ಫೋಟೋ ನೋಡಿ ತರಿಸೋದಕ್ಕೂ ಇಲ್ಲಿ ಕೈಯಲ್ಲಿ ಹಿಡ್ಕಂಡು ಮುಚ್ಚಳ ತಿರುಗಿಸಿ ನೋಡೋದಕ್ಕೂ ಭಾಳ ವ್ಯತ್ಯಾಸ ಐತೆ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ನಾನು ಹೋಗಿದ್ದು ಕ್ಯಾರಿಯರ್‌ಗೆ. ನಮ್ಮೂರಲ್ಲಿ ಬೆಣ್ಣೆ ದೋಸೆ ಪಾರ್ಸಲ್ ತರದ ಮನೆ ಯಾವುದ್ರೀ? ದೋಸೆ ಹಂಚಿನ ಮೇಲಿಂದ ಇಳಿದು ಬಾಳೆ ಎಲೆ ಮೇಲೆ ಬಿದ್ರೆ ಸರಿ, ಆದ್ರೆ ಭಾಳ ಕಡೆ ಈಗ ಎಲೆ ಬದಲು ಒಳಗಡೆ ಪ್ಲಾಸ್ಟಿಕ್ ಲೇಪ ಇರೋ ಪೇಪರ್, ಅದರ ಮೇಲೆ ಸುಡುಸುಡು ದೋಸೆ, ಅದರ ಮೇಲೆ ಕರಗ್ತಾ ಇರೋ ಬೆಣ್ಣೆ. ಪಲ್ಯಕ್ಕೊಂದು ತೆಳ್ಳನೆ ಕವರು, ಚಟ್ನಿಗೆ ಇನ್ನೊಂದು, ಇಡ್ಲಿ ಜೊತೆ ತಗಂಡ್ರೆ ಕುದಿತಿರೋ ಸಾಂಬಾರ್‌ಗೆ ಮತ್ತೊಂದು, ಬಾಯಿಗೆ ದಾರ ಸುತ್ತಿ ಕೈಗೆ ಕೊಡ್ತಾರೆ, ಮನೆಗೆ ಬರೋಷ್ಟರಲ್ಲಿ ಆ ಕವರ್ ಮೆತ್ತಗಾಗಿ ಜೋಲ್ತಿರುತ್ತೆ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಆಹಾರ ಇಲಾಖೆಯೋರು ಹೋಟೆಲ್‌ಗಳಿಗೆ ಹೋಗಿ ನೋಡಿದಾಗ ಇಡ್ಲಿ ಬೇಯಿಸೋಕೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಸ್ತಿದ್ದ ಸುದ್ದಿ ಬಂತಲ್ಲ, ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವ್ರು ಇನ್ಮೇಲೆ ಹಂಗೆ ಮಾಡಂಗಿಲ್ಲ ಅಂದಿದ್ದು, ಅವತ್ತಿಂದ ನಮ್ಮ ಅತ್ತೆ ಹೋಟೆಲ್ ಇಡ್ಲಿನೇ ಬಿಟ್ರು. ಆದ್ರೆ ಸಾಂಬಾರ್ ಮಾತ್ರ ಕವರಲ್ಲೇ ಬರ್ತಿತ್ತು, ಅದಕ್ಕೆ ಯಾರೂ ಏನೂ ಅನ್ನಲಿಲ್ಲ!

ನನ್ನ ಲೆಕ್ಕ ಇಷ್ಟೇ. ಪ್ಲಾಸ್ಟಿಕ್ ಈಗ ಗಾಳೀಲೂ ಐತೆ ನೀರಲ್ಲೂ ಐತೆ, ಪೂರ್ತಿ ತಪ್ಪಿಸ್ಕೋತೀನಿ ಅನ್ನೋದು ಆಗದ ಮಾತು. ಆದ್ರೆ ಬಿಸಿ ಊಟ ಪ್ಲಾಸ್ಟಿಕ್‌ಗೆ ತಾಗೋದು ಒಂದು ನಮ್ಮ ಕೈಯಲ್ಲೇ ಐತೆ, ಖರ್ಚೂ ಕಮ್ಮಿ, ಅಲ್ಲಿಂದ ಶುರು ಮಾಡ್ಬೇಕು. ಐದು ಮಿಲಿಮೀಟರ್‌ಗಿಂತ ಸಣ್ಣ ಪ್ಲಾಸ್ಟಿಕ್ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅಂತಾರೆ, ಒಂದು ಮೈಕ್ರಾನ್‌ಗಿಂತ ಸಣ್ಣದಾದ್ರೆ ನ್ಯಾನೋಪ್ಲಾಸ್ಟಿಕ್, ಅದು ಕಣ್ಣಿಗಂತೂ ಕಾಣಲ್ಲ. ಬಿಸಿ ತಾಗಿದಷ್ಟೂ ಉದುರೋದು ಜಾಸ್ತಿ. ಅಮೆರಿಕದ ನೆಬ್ರಾಸ್ಕಾ ಯೂನಿವರ್ಸಿಟಿಯೋರು 2023ರಲ್ಲಿ ಮಕ್ಕಳ ಊಟದ ಪ್ಲಾಸ್ಟಿಕ್ ಡಬ್ಬಿಗಳನ್ನ ಮೈಕ್ರೋವೇವಲ್ಲಿ ಮೂರು ನಿಮಿಷ ಇಟ್ಟು ನೋಡಿದ್ರು, ಕೆಲವು ಡಬ್ಬಿಯ ಒಂದೇ ಒಂದು ಚದರ ಸೆಂಟಿಮೀಟರ್ ಜಾಗದಿಂದ 42 ಲಕ್ಷ ಮೈಕ್ರೋ ಚೂರು, 211 ಕೋಟಿ ನ್ಯಾನೋ ಚೂರು ಬಂದಿದ್ವು. ನಮ್ಮ ದೇಶದ್ದೇ ಬೇಕು ಅಂದ್ರೆ ಐಐಟಿ ಖರಗಪುರದ್ದು ಐತೆ, 2020ರದ್ದು. ಪೇಪರ್ ಕಪ್ಪಲ್ಲಿ ಬಿಸಿ ನೀರು ಹಾಕಿ 15 ನಿಮಿಷ ಬಿಟ್ರೆ 100 ಎಂಎಲ್‌ನಲ್ಲಿ ಸುಮಾರು 25,000 ಚೂರು. ಪೇಪರ್ ಕಪ್ಪು ಅಂದ್ರೂ ಒಳಗೆ ಸೋರದೇ ಇರ್ಲಿ ಅಂತ ಪ್ಲಾಸ್ಟಿಕ್ ಪೊರೆ ಇರುತ್ತೆ, ಆ ಪೊರೆಯ ಕಥೆ ಇದು. ದಿನಕ್ಕೆ ಮೂರು ಟೀ ಕುಡಿಯೋರು 75,000 ನುಂಗ್ತಾರೆ ಅಂತ ಅವ್ರೇ ಲೆಕ್ಕ ಕೊಟ್ಟಿದ್ರು. ಇನ್ನು ಬೆಣ್ಣೆ, ಎಣ್ಣೆ, ತುಪ್ಪದ್ದು ಬೇರೆ ತಕರಾರು. ಪ್ಲಾಸ್ಟಿಕ್ ಮೆತ್ತಗಿರ್ಲಿ ಅಂತ ಸೇರಿಸೋ ಥ್ಯಾಲೇಟ್‌ನಂಥ ಕೆಮಿಕಲ್‌ಗಳು ನೀರಿಗಿಂತ ಜಿಡ್ಡಲ್ಲಿ ಚೆನ್ನಾಗಿ ಕರಗ್ತಾವೆ. ಬಿಸೀನೂ ಜಿಡ್ಡೂ ಎರಡೂ ಒಟ್ಟಿಗೆ ಇರೋ ತಿಂಡಿ ಯಾವುದು ಅಂತ ದಾವಣಗೆರೆಯೋರಿಗೆ ಬಿಡಿಸಿ ಹೇಳ್ಬೇಕಾ?

ಸರಿ ಕ್ಯಾರಿಯರ್‌ಗೆ ಬರೋಣ. ಎರಡು ತರ ತೋರಿಸಿದ್ರು. ಒಂದು ಈಗಿನ ಕಾಲದ್ದು, ಪ್ರತಿ ಡಬ್ಬಿಗೂ ಮುಚ್ಚಳ, ಮುಚ್ಚಳದ ಒಳಗೆ ಸಿಲಿಕೋನ್ ರಿಂಗು, ಸೋರಲ್ಲ ಅಂತ ಗ್ಯಾರಂಟಿ, ರೇಟು ಹೆಚ್ಚು. ಇನ್ನೊಂದು ಹಳೇ ಕಾಲದ್ದು, ಒಂದರ ಮೇಲೊಂದು ಡಬ್ಬಿ ಕೂತು, ಪಕ್ಕಕ್ಕೆ ಎರಡು ಪಟ್ಟಿ, ಮೇಲೆ ಕ್ಲಿಪ್ಪು, ಅಜ್ಜ ಹೊಲಕ್ಕೆ ಬುತ್ತಿ ತಗಂಡು ಹೋಗ್ತಿದ್ರಲ್ಲ ಅದೇ. ನಾನು ತಗಂಡಿದ್ದು ಹಳೇದು, ಸಾವಿರದೊಳಗೆ ಬಂತು. ಯಾಕಂದ್ರೆ ರಿಂಗು ಒಂದಿನ ಸಡಿಲ ಆಗುತ್ತೆ, ಆಮೇಲೆ ಆ ಸೈಜಿನ ರಿಂಗು ಸಿಗಲ್ಲ, ಕ್ಯಾರಿಯರ್ ಮೂಲೆ ಸೇರುತ್ತೆ. ಹಳೇದರ ಕ್ಲಿಪ್ ಹೋದ್ರೆ ಇದೇ ಅಂಗಡಿಯಲ್ಲಿ ಹುಡುಗ ಕೂತು ರಿವಿಟ್ ಹೊಡ್ದು ಕೊಡ್ತಾನೆ, ಆ ಡಬ್ಬಿಗೆ ಹೆಸರೂ ಕೊರ್ದು ಕೊಡ್ತಾನೆ, ಅದಕ್ಕೆ ದುಡ್ಡಿಲ್ಲ.

ಹೋಟೆಲ್‌ಗೆ ಕ್ಯಾರಿಯರ್ ಹಿಡ್ಕಂಡು ಹೋದಾಗ ಏನಾಯ್ತು ಅಂತ ಎಲ್ಲರೂ ಕೇಳ್ತಾರೆ. ಏನೂ ಆಗಲಿಲ್ಲ. ಕೌಂಟರಲ್ಲಿ ಇರೋರು ಒಂದು ಸಲ ನೋಡಿದ್ರು, ಒಳಗೆ ಕಳಿಸಿದ್ರು, ಅಷ್ಟೇ. ಅಲ್ಲದೇ ಕ್ಯಾರಿಯರ್ ಒಯ್ದೋರಿಗೆ ಚಟ್ನಿ ಜಾಸ್ತಿ ಬರುತ್ತೆ ನೋಡ್ರಿ, ಕವರಿಗೆ ಅಳತೆ ಐತೆ, ಡಬ್ಬಿಗೆ ಅವ್ರ ಕೈಯೇ ಅಳತೆ. ಬೆಳಿಗ್ಗೆ ರಶ್ ಇರೋ ಟೈಮಲ್ಲಿ ಹೋದ್ರೆ ಮಾತ್ರ ಸ್ವಲ್ಪ ಸಿಡಿಮಿಡಿ ಮಾಡ್ತಾರೆ, ಅವ್ರದ್ದೂ ತಪ್ಪಲ್ಲ, ಕಟ್ಟಿಟ್ಟಿರೋ ಕವರ್ ಎತ್ತಿ ಕೊಡೋದು ಸಲೀಸು. ಒಂದು ಮಾತು ನೆನಪಿಡ್ರಿ, ದೋಸೆನ ಮಾತ್ರ ಕ್ಯಾರಿಯರ್ ಒಳಗೆ ಹಾಕಿಸ್ಬೇಡ್ರಿ. ಉಗಿ ಹೊರಗೆ ಹೋಗದೆ ಮುಚ್ಚಳದಿಂದ ನೀರು ತೊಟ್ಟಿಕ್ಕಿ ಗರಿಗರಿ ದೋಸೆ ಮೆತ್ತಗೆ ಒದ್ದೆ ಬಟ್ಟೆ ಆಗಿಬಿಡುತ್ತೆ, ಬೆಣ್ಣೆ ದೋಸೆಗೆ ಮಾಡೋ ಅವಮಾನ ಅದು. ದೋಸೆಗೆ ಬಾಳೆ ಎಲೆ ಕೇಳ್ರಿ, ಇಲ್ಲ ಅಂದ್ರೆ ಮನೆಯಿಂದ ಅಗಲ ತಟ್ಟೆ, ಮೇಲೆ ಹತ್ತಿ ಬಟ್ಟೆ. ಪಲ್ಯ, ಚಟ್ನಿ, ಸಾಂಬಾರ್, ಇಡ್ಲಿ, ವಡೆ ಕ್ಯಾರಿಯರ್‌ಗೆ. ಮಿರ್ಚಿ, ಖಾರ ಮಂಡಕ್ಕಿಗೆ ಪೇಪರ್ ಪೊಟ್ಣ ಇದ್ದೇ ಐತೆ, ಆದ್ರೆ ಮಿರ್ಚಿ ಎಣ್ಣೆಗೆ ನ್ಯೂಸ್‌ಪೇಪರ್ ಇಂಕು ಹತ್ಕೊಳುತ್ತೆ, ಅದಕ್ಕೆ ನಾನು ಒಂದು ಡಬ್ಬಿ ಮಿರ್ಚಿಗೇ ಇಟ್ಟಿರ್ತೀನಿ. ಸಾಂಬಾರ್ ಡಬ್ಬಿ ಯಾವಾಗ್ಲೂ ತಳಕ್ಕೆ, ಮುಕ್ಕಾಲು ಅಷ್ಟೇ ತುಂಬಿಸ್ರಿ. ಸ್ಕೂಟಿ ಕೊಕ್ಕೆಗೆ ನೇತಾಕಿದ್ರೆ ಹಂಪಲ್ಲಿ ಸ್ವಲ್ಪ ತುಳುಕುತ್ತೆ, ಕಾಲ ಹತ್ರ ನಿಲ್ಲಿಸ್ಕಂಡು ಬಂದ್ರೆ ಒಂದು ಹನಿ ಚೆಲ್ಲಲ್ಲ. ಮೈನಸ್ ಅಂದ್ರೆ ಭಾರ, ಮತ್ತೆ ಬಿಸಿ ಸಾಂಬಾರ್ ಹಾಕಿದಾಗ ಪಟ್ಟಿ ಕೈ ಸುಡುತ್ತೆ. ಆದ್ರೂ ಐದಕ್ಕೆ ಐದು.

ಸ್ಟೀಲ್ ಬಗ್ಗೆ ಅಂಗಡಿಯಲ್ಲಿ ಒಳ್ಳೆ ಪಾಠ ಆಯ್ತು. ನಮ್ಮನೆಯವ್ರು ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ ಜೇಬಲ್ಲಿ ಹಾಕ್ಕಂಡು ಬಂದಿದ್ರು, ಹಿಡಿದ್ರೆ ಕಲಬೆರಕೆ, ಹಿಡೀದಿದ್ರೆ ಒಳ್ಳೇದು ಅಂತ. ಸಾವ್ಕಾರ್ರು "ಸಾರ್, ಅದ್ರಿಂದ ಅರ್ಧ ಅಷ್ಟೇ ಗೊತ್ತಾಗೋದು" ಅಂದ್ರು. 304 ಅನ್ನೋ ಗ್ರೇಡಲ್ಲಿ ಕ್ರೋಮಿಯಂ ಸುಮಾರು ನೂರಕ್ಕೆ 18, ನಿಕಲ್ 8, ಮ್ಯಾಗ್ನೆಟ್ ಹಿಡಿಯಲ್ಲ. ಆದ್ರೆ ನಿಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕಿರೋ 202 ಕೂಡ ಹಿಡಿಯಲ್ಲ, ಅದು ಅಗ್ಗದ್ದು, ಬೇಗ ಕಲೆ ಆಗುತ್ತೆ, ತುಕ್ಕು ಹಿಡಿಯೋದೂ ಬೇಗ. ಮತ್ತೆ ಒಳ್ಳೇ 304 ಆದ್ರೂ ಬಗ್ಗಿಸಿ ಎಳ್ದು ಪಾತ್ರೆ ಮಾಡಿದ ಅಂಚಲ್ಲಿ ಸ್ವಲ್ಪ ಹಿಡಿದ್ರೆ ಹಿಡೀಬಹುದು. ಅಂದ್ಮೇಲೆ ಏನು ನೋಡ್ಬೇಕು? ಐಎಸ್‌ಐ ಮಾರ್ಕು, ಅದರ ಹತ್ರ ಸ್ಟೀಲ್ ಪಾತ್ರೆಗೆ ಅಂತ ಇರೋ ಐಎಸ್ 14756 ನಂಬರು, ಮತ್ತೆ ಬಿಲ್‌ನಲ್ಲಿ ಗ್ರೇಡ್ ಬರೆಸ್ಕೊಳ್ಳೋದು. ಬಿಲ್ಲಲ್ಲಿ ಬರೀರಿ ಅಂದ ತಕ್ಷಣ ಕೆಲವು ಅಂಗಡಿಯೋರ ಮಾತು ಬದಲಾಗುತ್ತೆ, ಇವ್ರು ಬರ್ದು ಕೊಟ್ರು. ಮ್ಯಾಗ್ನೆಟ್ ವಾಪಸ್ ಜೇಬಿಗೆ ಹೋಯ್ತು.

ಈಗ ಜರಡಿ. ಎಂಬತ್ತು ರೂಪಾಯಿ. ನಾನು ಹೇಳೋ ಸಾಮಾನಲ್ಲೆಲ್ಲಾ ಅಗ್ಗದ್ದು, ಆದ್ರೆ ನಿಮ್ಮ ಮನೆ ಅಡುಗೆಮನೇಲಿ ಮೊದಲು ಬದಲಾಗ್ಬೇಕಾಗಿರೋದು ಇದೇ. ಅರ್ಧ ಮನೆಗಳಲ್ಲಿ ಪ್ಲಾಸ್ಟಿಕ್ ಹಿಡಿ, ಪ್ಲಾಸ್ಟಿಕ್ ಬಳೆ, ನೈಲಾನ್ ಬಲೆ ಇರೋ ಜರಡಿ, ಅದರ ಮೇಲೆ ದಿನಾ ಬೆಳಿಗ್ಗೆ ಸಂಜೆ ಕುದಿಯೋ ಟೀ ಸುರೀತೀವಿ, ಆಮೇಲೆ ಚರಟ ತೆಗೆಯೋಕೆ ಸ್ಲ್ಯಾಬಿಗೆ ಟಪ್ ಟಪ್ ಅಂತ ಬಡೀತೀವಿ, ಬಲೆ ಕಂದು ಬಣ್ಣಕ್ಕೆ ತಿರುಗಿ ನಡುವೆ ತೂತು ಬೀಳೋ ತನಕ ಬಿಡಲ್ಲ. ಆ ತೂತಲ್ಲಿದ್ದ ನೈಲಾನ್ ಎಲ್ಲಿ ಹೋಯ್ತು ಅಂತ ಒಂದು ಸಲ ಯೋಚನೆ ಮಾಡ್ರಿ. ಕೆನಡಾದ ಮೆಕ್‌ಗಿಲ್ ಯೂನಿವರ್ಸಿಟಿಯೋರು 2019ರಲ್ಲಿ ನೈಲಾನ್, ಪಾಲಿಯೆಸ್ಟರ್ ತರದ ಟೀ ಬ್ಯಾಗುಗಳನ್ನ 95 ಡಿಗ್ರಿ ನೀರಲ್ಲಿ ಅದ್ದಿ ಒಂದು ಬ್ಯಾಗಿಗೆ 1,160 ಕೋಟಿ ಮೈಕ್ರೋ ಚೂರು ಅಂತ ಲೆಕ್ಕ ಕೊಟ್ರು, ಆ ಲೆಕ್ಕ ಅತಿಯಾಯ್ತು ಅಂತ ಬೇರೆ ವಿಜ್ಞಾನಿಗಳು ತಕರಾರೂ ತೆಗೆದ್ರು. ಎಷ್ಟು ಕೋಟಿ ಅನ್ನೋದು ಅವ್ರು ಜಗಳ ಆಡ್ಲಿ, ಎಂಬತ್ತು ರೂಪಾಯಿಗೆ ನಮಗೆ ಆ ಜಗಳನೇ ಬೇಡ. ಸ್ಟೀಲ್ ಜರಡಿ ತಗಳೋವಾಗ ಹಿಡಿನೂ ಸ್ಟೀಲ್ ಇರೋದು, ಬಲೆ ಎರಡು ಪದರ ಇರೋದು ನೋಡ್ರಿ, ಒಂದು ಪದರದ್ದು ಟೀ ಪುಡಿ ಕೆಳಗೆ ಬಿಡುತ್ತೆ. ಅತ್ತೆ ಮೊದಲನೇ ದಿನ "ಸುಡುತ್ತೆ ಇದು" ಅಂದ್ರು, ಆಮೇಲೆ ಸೆರಗಲ್ಲಿ ಹಿಡ್ಕೊಳೋದು ರೂಢಿ ಆಯ್ತು.

ನಲ್ಲಿ ಡ್ರಮ್. ಇದು ಹನ್ನೆರಡು ಲೀಟರ್‌ದು, ಮೈಯೆಲ್ಲಾ ಸ್ಟೀಲು, ಹೊಳೆಯೋದು ನೋಡಿದ್ರೆ ಯಾರಿಗಾದ್ರೂ ಆಸೆ ಆಗ್ಬೇಕು. ನಲ್ಲಿ ಮಾತ್ರ ಪ್ಲಾಸ್ಟಿಕ್, ಮೇಲೆ ಬೆಳ್ಳಿ ಬಣ್ಣ ಬಳ್ದಿದಾರೆ! ಫೋಟೋದಲ್ಲಿ ನೋಡಿದ್ರೆ ಖಂಡಿತ ಸ್ಟೀಲೇ ಅಂತೀರಿ, ಕೈಯಲ್ಲಿ ತಿರುಗಿಸಿದ್ರೆ ಹಗುರ ಗೊತ್ತಾಗುತ್ತೆ, ಅದಕ್ಕೇ ಹೇಳಿದ್ದು ಅಂಗಡಿಗೇ ಹೋಗ್ರಿ ಅಂತ. ನಾನು ಸ್ಟೀಲ್ ನಲ್ಲಿ ಹಾಕಿಸಿದೆ, ಬೇರೆ ದುಡ್ಡು ಕೊಟ್ಟು, ಅದಕ್ಕೆ ವಾಷರ್ ರಬ್ಬರ್‌ದೇ, ಅದು ಇರ್ಲಿ, ತಣ್ಣೀರು ತಾನೆ. ಕಂಪನಿಯೋರು ಇನ್ನೊಂದಿಷ್ಟು ಹಾಕಿ ಮೊದಲೇ ಸ್ಟೀಲ್ ನಲ್ಲಿ ಕೊಡೋಕೆ ಏನು ಕಷ್ಟ? ಮೂರು ಮಾರ್ಕ್ಸ್ ಅದಕ್ಕೇ.

ಡ್ರಮ್ ಯಾಕೆ ಬೇಕಾಯ್ತು ಅಂದ್ರೆ ಕ್ಯಾನ್ ನೀರು ಬಿಡ್ಬೇಕು ಅಂತ. ನಮ್ಮ ಏರಿಯಾಕ್ಕೆ ಕಾರ್ಪೊರೇಷನ್ ನೀರು ಬರುತ್ತೆ, ತುಂಗಭದ್ರಾ ನೀರು, ಜೊತೆಗೆ ಭದ್ರಾ ಕಾಲುವೆಯಿಂದ ತುಂಬಿಸೋ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆ ನೀರು. ಕುಡಿಯೋಕೆ ಮಾತ್ರ ಇಪ್ಪತ್ತು ಲೀಟರ್ ಕ್ಯಾನು ತರಿಸ್ತಿದ್ವಿ. ಆ ಕ್ಯಾನುಗಳು ಬಿಸಿಲಲ್ಲಿ ಆಟೋದ ಮೇಲೆ ಒಣಗ್ತಾ, ಎಸೆದು ಎಸೆದು ಮೈಯೆಲ್ಲಾ ಗೀರಾಗಿ ಬೆಳ್ಳಗಾಗಿರ್ತಾವೆ, ನೋಡಿರ್ತೀರಿ. ಅಮೆರಿಕದ ಕೊಲಂಬಿಯಾ ಯೂನಿವರ್ಸಿಟಿಯೋರು 2024ರ ಜನವರಿಯಲ್ಲಿ ಅಲ್ಲಿನ ಮೂರು ಬ್ರ್ಯಾಂಡ್ ಬಾಟಲ್ ನೀರು ಪರೀಕ್ಷೆ ಮಾಡಿ ಒಂದು ಲೀಟರ್‌ಗೆ ಸರಾಸರಿ 2.4 ಲಕ್ಷ ಚೂರು ಐತೆ, ಅದ್ರಲ್ಲಿ ನೂರಕ್ಕೆ 90 ನ್ಯಾನೋ ಅಂತ ಹೇಳಿದ್ರು. ಬಾಟಲ್‌ದು, ಮುಚ್ಚಳದ್ದು, ಕೆಲವು ಸಲ ನೀರು ಸೋಸೋ ಫಿಲ್ಟರ್ ಪೊರೆಯದ್ದೇ ಚೂರು. ಈಗ ನಾವು ನಲ್ಲಿ ನೀರನ್ನ ಕುದಿಸಿ, ಆರಿಸಿ, ದಪ್ಪ ಹತ್ತಿ ಬಟ್ಟೇಲಿ ಸೋಸಿ ಈ ಡ್ರಮ್‌ಗೆ ಹಾಕ್ತೀವಿ.

ಕುದಿಸೋದ್ರ ಬಗ್ಗೆ ಒಂದು ಮಜಾ ವಿಷಯ ಐತೆ, ಇದು ಚಿತ್ರದುರ್ಗ, ಜಗಳೂರು ಕಡೆಯೋರು ಓದ್ಲೇಬೇಕು. ಚೀನಾದ ಗುವಾಂಗ್‌ಝೌ ವಿಜ್ಞಾನಿಗಳು 2024ರಲ್ಲಿ ನೀರು ಐದು ನಿಮಿಷ ಕುದಿಸಿ ನೋಡಿದ್ರು. ಗಡಸು ನೀರಾದ್ರೆ ಕುದಿಯೋವಾಗ ಬಿಳೀ ಸುಣ್ಣ ಕಟ್ಟುತ್ತಲ್ಲ, ಆ ಸುಣ್ಣ ಪ್ಲಾಸ್ಟಿಕ್ ಚೂರನ್ನ ಸುತ್ಕಂಡು ತಳಕ್ಕೆ ಕೂರುತ್ತೆ, ಸೋಸಿದ್ರೆ ನೂರಕ್ಕೆ 90ರ ತನಕ ಹೋಗುತ್ತೆ. ಮೆದು ನೀರಲ್ಲಿ ಸುಣ್ಣನೇ ಇಲ್ಲ, ಅಲ್ಲಿ 25ರ ಹತ್ತಿರ ಅಷ್ಟೇ. ನಮ್ಮಕ್ಕ ಚಿತ್ರದುರ್ಗದಲ್ಲಿ ಇರೋದು, ಅವ್ರದ್ದು ಬೋರ್ ನೀರು, ತಪ್ಪಲೆ ತಳದಲ್ಲಿ ಬಿಳೀ ಚಕ್ಕೆ ಕಟ್ಟಿರುತ್ತೆ, ಅದನ್ನ ನೋಡಿ ನೋಡಿ ಬೈಕೊಳ್ತಿದ್ಲು, ಈಗ "ಏ, ಇದೇ ಒಳ್ಳೇದಂತೆ ಕಣೇ" ಅಂತ ನನಗೇ ಹೇಳ್ತಾಳೆ. ಆದ್ರೆ ಒಂದು ಎಚ್ಚರ. ಆ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಸಮಸ್ಯೆ ಐತೆ, ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿ ಆಗುತ್ತೆ. ಅಂಥ ಊರಲ್ಲಿ ಪ್ಲಾಸ್ಟಿಕ್ ಚೂರಿನ ಹೆದರಿಕೆಗೆ ಆರ್‌ಓ ಅಥವಾ ಶುದ್ಧ ನೀರಿನ ಘಟಕ ಬಿಟ್ಟು ಬೋರ್ ನೀರು ಕುದಿಸಿ ಕುಡೀತೀನಿ ಅಂತ ಹೊರಡಬೇಡ್ರಿ, ಹಲ್ಲು ಮೂಳೆ ಹೋಗೋದು ಕಣ್ಣಿಗೆ ಕಾಣೋ ಸತ್ಯ. ಘಟಕದಿಂದ ನೀರು ತರೋ ಕೊಡ ಸ್ಟೀಲ್‌ದು ಮಾಡ್ಕೊಳ್ರಿ ಸಾಕು, ನಮ್ಮಕ್ಕನಿಗೂ ಇದೇ ಅಂಗಡಿಯಿಂದ ಒಂದು ಕೊಡ ಕಳಿಸಿದೀನಿ.

ಮಗಳ ಬಾಟಲ್ ಬಗ್ಗೆ ಜಾಸ್ತಿ ಏನಿಲ್ಲ. ಸ್ಟೀಲ್ ಬಾಟಲ್ ಅಂತಾರೆ, ಬಾಯಿಗೆ ಹೋಗೋ ಸ್ಟ್ರಾ, ಒತ್ತೋ ಬಟನ್ ಎಲ್ಲಾ ಪ್ಲಾಸ್ಟಿಕ್. ಅವಳಿಗೆ ಅದೇ ಬೇಕು, ಕ್ಲಾಸಲ್ಲಿ ಎಲ್ಲರತ್ರ ಅದೇ ಐತಂತೆ. ತಣ್ಣೀರಿಗೆ ನಾನು ತಲೆ ಕೆಡಿಸ್ಕೊಳ್ಳಲ್ಲ, ಬಿಸಿ ಹಾಲು ಹಾಕಿ ಕಳಿಸೋದಿದ್ರೆ ತಿರುಪು ಮುಚ್ಚಳದ ಸಾದಾ ಬಾಟಲ್. ಹಸುಗೂಸು ಇರೋ ಮನೆಯೋರಿಗೆ ಒಂದು ಮಾತು: ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್‌ನ ಹಾಲಿನ ಬಾಟಲ್‌ಗಳ ಮೇಲೆ ಐರ್ಲೆಂಡಿನ ಟ್ರಿನಿಟಿ ಕಾಲೇಜಿನೋರು 2020ರಲ್ಲಿ ಕೆಲಸ ಮಾಡಿದ್ರು, ಬಿಸಿ ನೀರಲ್ಲಿ ಹಾಲು ಪುಡಿ ಕಲಸಿ ಅಲ್ಲಾಡಿಸೋ ಹಂಗೆ ಮಾಡಿದಾಗ ಲೀಟರ್‌ಗೆ 1.6 ಕೋಟಿ ಚೂರಿನ ತನಕ ಬಂದಿತ್ತು. ಸ್ಟೀಲ್ ಅಥವಾ ಗಾಜಿನ ಪಾತ್ರೇಲಿ ಕಲಸಿ, ಆರಿದ ಮೇಲೆ ಬಾಟಲ್‌ಗೆ ಹಾಕಿದ್ರೆ ಭಾಳ ಕಮ್ಮಿ ಆಗುತ್ತೆ. ಅಂಗಡೀಲಿ ಸ್ಟೀಲ್ ಒಳಲೆನೂ ಸಿಗುತ್ತೆ, ಕೇಳಿದ್ರೆ ಒಳಗಿಂದ ತಂದು ಕೊಡ್ತಾರೆ.

ತರಕಾರಿ ಹೆಚ್ಚೋ ಹಲಗೆ ತಗಳ್ರಿ ಅಂತ ಹುಡುಗ ಹಿಂದೆ ಬಿದ್ದಿದ್ದ, ಬಿದಿರಿಂದು, ಆರುನೂರು ರೂಪಾಯಿ. ನಾನು ತಗಳಲಿಲ್ಲ. ಮನೇಲಿ ಅತ್ತೆಯ ಈಳಿಗೆ ಮಣೆ ಐತೆ, ಅದರಲ್ಲಿ ಹಲಗೆನೇ ಬೇಡ, ಬದನೆಕಾಯಿ ಗಾಳೀಲಿ ಹೆಚ್ಚಿ ನೀರಿಗೆ ಬೀಳ್ತಾವೆ. ಇದನ್ನ ಹಳೇ ಕಾಲದ್ದು ಅಂತ ಅಟ್ಟಕ್ಕೆ ಹಾಕಿ ಪ್ಲಾಸ್ಟಿಕ್ ಹಲಗೆ ತಂದೋರು ನೋಡ್ರಿ ಈ ಲೆಕ್ಕ: ಅಮೆರಿಕದ ನಾರ್ತ್ ಡಕೋಟಾ ಸ್ಟೇಟ್ ಯೂನಿವರ್ಸಿಟಿಯೋರು 2023ರಲ್ಲಿ ಕ್ಯಾರೆಟ್ ಹೆಚ್ಚಿ ಹೆಚ್ಚಿ ನೋಡಿ, ಪಾಲಿಥೀನ್ ಹಲಗೆಯಿಂದ ಒಬ್ಬರಿಗೆ ವರ್ಷಕ್ಕೆ 7ರಿಂದ 50 ಗ್ರಾಂ ತನಕ ಚೂರು ಬರಬಹುದು ಅಂದಾಜು ಮಾಡಿದ್ರು. ಅದೇ ಪರೀಕ್ಷೇಲಿ ಇಲಿಯ ಜೀವಕೋಶಕ್ಕೆ ಆ ಚೂರಿಂದ ದೊಡ್ಡ ತೊಂದರೆ ಕಾಣಲಿಲ್ಲ ಅಂತನೂ ಬರೆದಿದಾರೆ, ಅದನ್ನ ವಾಟ್ಸಾಪ್‌ನೋರು ಫಾರ್ವರ್ಡ್ ಮಾಡಲ್ಲ ಅಷ್ಟೇ. ಹಲಗೆ ಬೇಕೇ ಬೇಕು ಅನ್ನೋರು ಅಂಟು ಹಾಕಿ ಜೋಡ್ಸಿರೋ ಬಿದಿರಿಗಿಂತ ಒಂದೇ ತುಂಡು ಮರದ್ದು ನೋಡ್ರಿ.

ಉಪ್ಪಿಗೆ ಸ್ಟೀಲ್ ಡಬ್ಬಿ ಕೇಳಿದೆ, ಸಾವ್ಕಾರ್ರೇ ಕೊಡಲಿಲ್ಲ. ಈ ಒಂದಕ್ಕೆ ಅವ್ರ ಮೇಲೆ ಗೌರವ ಬಂತು. ಉಪ್ಪು, ಹುಣಸೆ, ಉಪ್ಪಿನಕಾಯಿ ಸ್ಟೀಲ್‌ನಲ್ಲಿ ಇಟ್ರೆ ಸಣ್ಣ ಸಣ್ಣ ತೂತು ಬಿದ್ದು ತುಕ್ಕಾಗುತ್ತೆ, ಪಿಂಗಾಣಿ ಜಾಡಿ ತಗಳ್ರಿ, ನನ್ನತ್ರ ಇಲ್ಲ, ಆ ಕಡೆ ಅಂಗಡೀಲಿ ಐತೆ ಅಂತ ಕೈ ತೋರಿಸಿದ್ರು. ಉಪ್ಪಲ್ಲೇ ಪ್ಲಾಸ್ಟಿಕ್ ಇರುತ್ತೆ ಅನ್ನೋದೂ ನಿಜ, ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ 2024ರಲ್ಲಿ 10 ತರ ಉಪ್ಪು, 5 ತರ ಸಕ್ಕರೆ ನೋಡಿ ಎಲ್ಲದರಲ್ಲೂ ಸಿಕ್ತು ಅಂತ ವರದಿ ಕೊಟ್ಟಿದಾರೆ. ಅದಕ್ಕೆ ಜಾಡಿ ಏನೂ ಮಾಡಲ್ಲ. ಅಯೋಡಿನ್ ಉಪ್ಪು ಬಿಡೋದಂತೂ ಸಲ್ಲದು.

ಇಷ್ಟೆಲ್ಲಾ ಮಾಡಿದ್ರೆ ಆರೋಗ್ಯಕ್ಕೆ ಏನು ಲಾಭ ಅಂತ ನಮ್ಮನೆಯವ್ರು ದಿನಾ ಕೇಳ್ತಾರೆ, ಅದೂ ಸರಿಯಾದ ಪ್ರಶ್ನೆನೇ. ನೆದರ್ಲ್ಯಾಂಡ್ಸಲ್ಲಿ 2022ರಲ್ಲಿ 22 ಜನರ ರಕ್ತ ನೋಡಿದಾಗ 17 ಜನರಲ್ಲಿ ಪ್ಲಾಸ್ಟಿಕ್ ಸಿಕ್ಕಿದೆ. ಅದಕ್ಕಿಂತ ತೂಕದ್ದು ಇಟಲಿಯದ್ದು, 2024ರ ಮಾರ್ಚ್‌ದು. ಕುತ್ತಿಗೆ ರಕ್ತನಾಳದಲ್ಲಿ ಕೊಬ್ಬು ಕಟ್ಕೊಂಡು ಆಪರೇಷನ್ ಆದ 257 ಜನರನ್ನ ಸುಮಾರು 34 ತಿಂಗಳು ಗಮನಿಸಿದ್ರು. 150 ಜನರ ಆ ಕೊಬ್ಬಿನ ಗಡ್ಡೇಲಿ ಪಾಲಿಥೀನ್ ಸಿಕ್ಕಿತ್ತು, ಗಡ್ಡೇಲಿ ಪ್ಲಾಸ್ಟಿಕ್ ಇದ್ದೋರಿಗೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಅಥವಾ ಸಾವು ಬರೋ ಸಾಧ್ಯತೆ ಇಲ್ದೋರಿಗಿಂತ ನಾಲ್ಕೂವರೆ ಪಟ್ಟು ಇತ್ತು. ಆದ್ರೆ ಪ್ಲಾಸ್ಟಿಕ್ಕಿಂದನೇ ಹಂಗಾಯ್ತು ಅಂತ ಇದರಿಂದ ಸಾಬೀತಾಗಲ್ಲ, ಆ ಡಾಕ್ಟರ್‌ಗಳೇ ಬರೆದಿದಾರೆ. ವಿಶ್ವ ಆರೋಗ್ಯ ಸಂಸ್ಥೆನೂ 2022ರಲ್ಲಿ ತೀರ್ಪು ಕೊಡೋಷ್ಟು ಸಾಕ್ಷಿ ಇನ್ನೂ ಇಲ್ಲ, ಆದ್ರೂ ಕಮ್ಮಿ ಮಾಡ್ಕೊಳ್ಳೋದು ಒಳ್ಳೇದು ಅಂತಲೇ ಹೇಳಿದ್ದು. ಇನ್ನು ವಾರಕ್ಕೊಂದು ಎಟಿಎಂ ಕಾರ್ಡ್‌ನಷ್ಟು ಪ್ಲಾಸ್ಟಿಕ್ ತಿಂತೀವಿ ಅಂತ ಎಲ್ಲಾ ಕಡೆ ಓಡಾಡ್ತೈತಲ್ಲ, 2019ರ ಆ ಐದು ಗ್ರಾಂ ಲೆಕ್ಕ ಭಾಳ ಹಿಗ್ಗಿಸಿದ್ದು, 2021ರಲ್ಲಿ ಬೇರೆಯೋರು ಹಾಕಿದ ಅಂದಾಜು ವಾರಕ್ಕೆ ಕೆಲವೇ ಮೈಕ್ರೋಗ್ರಾಂ. ಅದಕ್ಕೇ ಇಪ್ಪತ್ತು ಸಾವಿರದ "ಮೈಕ್ರೋಪ್ಲಾಸ್ಟಿಕ್ ಫ್ರೀ" ಫಿಲ್ಟರ್ ಮಾರೋಕೆ ಮನೆ ಬಾಗಿಲಿಗೆ ಬರೋರಿಗೆ ನಾನು ಟೀ ಕೊಟ್ಟು ಕಳಿಸ್ತೀನಿ, ಸ್ಟೀಲ್ ಜರಡೀಲಿ ಸೋಸಿದ ಟೀ.

ಪಾತ್ರೆ ಅಂಗಡೀಲಿ ಸಿಗದೇ ಇರೋದೂ ಐತೆ. ಮನೆ ಧೂಳಲ್ಲಿ ಪಾಲಿಯೆಸ್ಟರ್ ಬಟ್ಟೆ, ಕಾರ್ಪೆಟ್, ಸೋಫಾದ ಎಳೆಗಳೇ ತುಂಬ, ಒಣ ಪೊರಕೆ ಹಾಕಿದ್ರೆ ಎದ್ದು ಮತ್ತೆ ಕೂರ್ತಾವೆ. ಗುಡಿಸಿದ್ಮೇಲೆ ಒದ್ದೆ ಬಟ್ಟೇಲಿ ಒರೆಸ್ರಿ, ಹಾಸಿಗೆ ಮೇಲೆ ಹತ್ತಿ ಹಾಸ್ರಿ. ಕಾಟನ್ ಮಿಲ್ಲುಗಳಿಂದ ಹೆಸರಾದ ಊರಲ್ಲಿ ಕೂತ್ಕಂಡು ಪಾಲಿಯೆಸ್ಟರ್ ಬೆಡ್‌ಶೀಟ್ ತರೋದು ನನಗಂತೂ ಬೇಜಾರು.

ಅಂಗಡಿಗೆ ಒಂದು ಮಾರ್ಕ್ ಕಟ್ ಆಗಿದ್ದು ಇದಕ್ಕೆ: ತಗಂಡ ಒಂದೊಂದು ಸ್ಟೀಲ್ ಸಾಮಾನಿಗೂ ಒಂದೊಂದು ತೆಳ್ಳನೆ ಪ್ಲಾಸ್ಟಿಕ್ ಕವರ್ ಸುತ್ತಿ, ಎಲ್ಲಾ ಸೇರಿಸಿ ಇನ್ನೊಂದು ದೊಡ್ಡ ಕವರಲ್ಲಿ ಹಾಕಿ ಕೊಟ್ರು, ಬ್ಯಾಡ ಅಂದ್ರೂ ಕೇಳಲ್ಲ, ಗೀರು ಬೀಳುತ್ತಂತೆ. ಮೇಲೆ ಅಂಟಿಸಿರೋ ಸ್ಟಿಕ್ಕರ್ ಕಿತ್ತರೆ ಅರ್ಧ ಬರುತ್ತೆ ಅರ್ಧ ಅಲ್ಲೇ ಉಳಿಯುತ್ತೆ, ಕೊಬ್ಬರಿ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿದ್ರೆ ಹೋಗುತ್ತೆ. ಕಾರು ಒಳಗೆ ತರೋ ಯೋಚನೆ ಬಿಡ್ರಿ, ಗಲ್ಲಿ ಕಿರಿದು, ದೂರ ನಿಲ್ಲಿಸಿ ನಡ್ಕಂಡು ಬರ್ರಿ. ಮದುವೆ ಸೀಸನ್ನಲ್ಲಿ ಬೀಗರ ಪಟಾಲಂ ಪಾತ್ರೆ ತೂಕ ಹಾಕಿಸ್ತಾ ಕೂತಿರುತ್ತೆ, ನಿಮ್ಮ ಜರಡಿಗೆ ಯಾರೂ ತಿರುಗಿ ನೋಡಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಹೋದ್ರೆ ಪುರುಸೊತ್ತಾಗಿ ತೋರಿಸ್ತಾರೆ. ಮನೇಲಿ ಸೀಳಿದ ಹಿತ್ತಾಳೆ, ತಾಮ್ರ ಇದ್ರೆ ತಗಂಡು ಹೋಗ್ರಿ, ತೂಕಕ್ಕೆ ಹಾಕ್ಕಂಡು ಬಿಲ್ಲಲ್ಲಿ ಕಳೀತಾರೆ, ನಮ್ಮ ಒಡೆದ ಹಿತ್ತಾಳೆ ಚೊಂಬಿಗೆ ಜರಡಿ ದುಡ್ಡು ಬಿದ್ದು ಇನ್ನೂ ಸ್ವಲ್ಪ ಉಳೀತು. ಡ್ರಮ್ ತಗಳೋರು ಸ್ಟೀಲ್ ನಲ್ಲಿ ಐತಾ ಅಂತ ಮೊದ್ಲೇ ಕೇಳ್ರಿ, ಸ್ಟಾಕ್ ಇಲ್ಲ ಅಂದ್ರೆ ತರಿಸಿ ಕೊಡ್ತಾರೆ, ಆದ್ರೆ ಅಡ್ವಾನ್ಸ್ ಕೇಳ್ತಾರೆ.